ಚನ್ನವೀರಪ್ಪನ ಚಿಮಣಿ

ಸೋಲಾಪುರದವರಿಗೆ ಬಿಸಿಲು ಹೊಸದಲ್ಲ, ಚಳಿ ಮಾತ್ರ ಪ್ರತಿವರ್ಷವೂ ಹೊಸದು. ಹನ್ನೊಂದು ತಿಂಗಳು ಬಿಸಿಲಿಗೆ ಬೈದು ಉಳಿದ ಒಂದು ತಿಂಗಳು ಚಳಿಗೆ ಬೈಯುವುದು ಇಲ್ಲಿನ ರೂಢಿ. ಬೆಳಗಿನ ಥಂಡಿ ಹನ್ನೆರಡು ಡಿಗ್ರಿಗೆ ಇಳಿಯಿತೆಂದರೆ ಸಾಕು, ಊರಿಗೆ ಊರೇ ಕಿವಿಗೆ ಮಫ್ಲರ್ ಸುತ್ತಿಕೊಂಡು ಹಿಮಾಲಯ ಹತ್ತಲು ಹೊರಟವರ ಗತ್ತಿನಲ್ಲಿ ಹಾಲು ತರಲು ಹೋಗುತ್ತದೆ. ಅಂಥ ಚಳಿಯಲ್ಲಿ, ಎಲ್ಲರೂ ಕಿಟಕಿ ಮುಚ್ಚುವ ಹೊತ್ತಿನಲ್ಲಿ, ಚನ್ನವೀರಪ್ಪ ಒಬ್ಬನೇ ಕಿಟಕಿ ತೆಗೆದ. ಅವನ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಯಿತು.

ಚನ್ನವೀರಪ್ಪ ಚಪಳಗಾಂವದವನು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಟವೆಲ್ ನೇಯುವ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಟವೆಲ್ ಮಡಿಸಿ ಗಂಟು ಕಟ್ಟಿಸುವ ಕೆಲಸ ಅವನದು. ಮಡಿಸಿ ಮಡಿಸಿ ಬೇಸತ್ತ ಮನುಷ್ಯ ಒಂದು ದಿನ ಮೊಬೈಲಿನಲ್ಲಿ ಲೇಸರ್ ಯಂತ್ರದ ವಿಡಿಯೋ ನೋಡಿದ. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಸೂಜಿಮೊನೆಯಷ್ಟು ಬೆಳಕು. ಆ ಬೆಳಕು ಕಟ್ಟಿಗೆ ಕತ್ತರಿಸುತ್ತದೆ, ಬಟ್ಟೆಯ ಮೇಲೆ ಹೆಸರು ಸುಟ್ಟು ಬರೆಯುತ್ತದೆ. ಯಂತ್ರ ಪುಣೆಯಿಂದ ಬಂದು ಮುಟ್ಟುವ ಮೊದಲೇ ಚನ್ನವೀರಪ್ಪ ವಿಸಿಟಿಂಗ್ ಕಾರ್ಡ್ ಮಾಡಿಸಿದ. ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ‘ಉದ್ಯೋಜಕ’, ಅಂದರೆ ಉದ್ಯಮಿ, ಎಂದು ಹಾಕಿಸಿದ. ಆ ಕಾರ್ಡನ್ನು ಯಾರಿಗೂ ತೋರಿಸುವಂತಿರಲಿಲ್ಲ ಎನ್ನುವುದು ಬೇರೆ ಮಾತು.

ಯಾಕೆಂದರೆ ಅವನಿದ್ದದ್ದು ಬಾಡಿಗೆ ಮನೆ. ಕೆಳಗೆ ಮನೆಯೊಡತಿ ಸುಗಲಾಬಾಯಿ, ಮೇಲೆ ಚನ್ನವೀರಪ್ಪ, ಹೆಂಡತಿ ನಂದಾ ಮತ್ತು ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕಾದ ಮಗಳು ಪ್ರಣಿತಾ. ಬಾಡಿಗೆಯ ಕರಾರುಪತ್ರ ಬರೆದವರು ಸುಗಲಾಬಾಯಿಯ ಅಣ್ಣ, ಅಕ್ಕಲಕೋಟದ ಅಣ್ಣಾರಾಯರು. ಅದರಲ್ಲಿದ್ದದ್ದು ಎರಡೇ ಕಲಮು. ಒಂದು, ಈ ಮನೆಯಲ್ಲಿ ಮಾಂಸ ಬೇಯಕೂಡದು. ಎರಡು, ಈ ಮನೆಯಲ್ಲಿ ಧಂದೆ ನಡೆಯಕೂಡದು. ಎರಡರಲ್ಲಿ ಯಾವುದು ಮುರಿದರೂ ಎಂಟು ದಿನದಲ್ಲಿ ಮನೆ ಖಾಲಿ. ಮೊದಲ ಕಲಮಿಗೆ ಕಾರಣ ಸುಗಲಾಬಾಯಿಯ ಹಣೆಯ ಮೇಲಿನ ಮೂರು ಬೆರಳಿನ ವಿಭೂತಿ. ಎರಡನೆಯದಕ್ಕೆ ಕಾರಣ ಹಿಂದೆ ಇದ್ದ ಬಾಡಿಗೆಯವನು. ಆ ಪುಣ್ಯಾತ್ಮ ಮಲಗುವ ಕೋಣೆಯಲ್ಲಿ ಮಿಕ್ಸರ್ ರಿಪೇರಿ ಅಂಗಡಿ ತೆಗೆದು, ಗಿರಾಕಿಗಳನ್ನು ಸುಗಲಾಬಾಯಿಯ ದೇವರ ಕೋಣೆಯ ತನಕ ಸಾಲು ನಿಲ್ಲಿಸಿದ್ದನಂತೆ.

ಹೀಗಾಗಿ ಯಂತ್ರ ಬಂದದ್ದು ಗೋಣಿಚೀಲ ಸುತ್ತಿಕೊಂಡು, ‘ಹೊಸ ಕಪಾಟು’ ಎಂಬ ಹೆಸರಿನಲ್ಲಿ. ಮಲಗುವ ಕೋಣೆಯಲ್ಲಿ ಕೂತಿತು. ಆದರೆ ಸುಟ್ಟಲ್ಲಿ ಹೊಗೆ ಇರಲೇಬೇಕು. ಆ ಹೊಗೆಯನ್ನು ಫ್ಯಾನ್ ಹಚ್ಚಿ, ತಗಡಿನಂತೆ ಹೊಳೆಯುವ ದಪ್ಪ ಪೈಪಿನಿಂದ ಹೊರಗೆ ಬಿಡಬೇಕೆಂದು ಯಂತ್ರದ ಪುಸ್ತಕದಲ್ಲಿ ಬರೆದಿತ್ತು. ಚನ್ನವೀರಪ್ಪ ಕಿಟಕಿಯ ಗಾಜು ಸರಿಸಿ, ಸಂದಿಗೆ ಪ್ಲೈವುಡ್ ಹಲಗೆ ಹೊಂದಿಸಿ, ಅದಕ್ಕೆ ತೂತು ಕೊರೆದು ಪೈಪನ್ನು ಹೊರಗೆ ಹಾಕಿದ. ಒಂದು ತಾಸೂ ಆಗಿರಲಿಲ್ಲ, ಕೆಳಗಿನಿಂದ ಸುಗಲಾಬಾಯಿಯ ದನಿ ಬಂತು.

“ಏ ಚನ್ನವೀರಾ, ಖಿಡಕ್ಯಾಗಿಂದ ಆನಿ ಸೊಂಡಿ ಹಂಗ ಏನೋ ಅದು?”

ಚನ್ನವೀರಪ್ಪ ಸುಳ್ಳು ಹೇಳಿ ರೂಢಿಯಿಲ್ಲದವನು. ಬಾಯಿಗೆ ಬಂದ ಮೊದಲ ಸುಳ್ಳನ್ನೇ ಹೇಳಿಬಿಟ್ಟ. “ಅದಾ... ಚಿಮಣಿ ಕಾಕು. ಅಡಗಿಮನಿ ಚಿಮಣಿ. ಈಗ ಎಲ್ಲಾರೂ ಹಾಕ್ಸಾಕತ್ತಾರ. ಒಗ್ಗರಣಿ ಹೊಗಿ ಸರಳ ಹೊರಗ ಹೋಗ್ತದ.”

“ಅಲ್ಲೋ, ಅದು ನಿಮ್ಮ ಮಲಗೂ ಖೋಲಿ ಖಿಡಕಿ ಅಲ್ಲೇನು?”

“ಹೌದ್ರಿ. ಪೈಪ ಉದ್ದ ಅದರಿ.”

ಸುಗಲಾಬಾಯಿ ಸ್ವಲ್ಪ ಹೊತ್ತು ಆ ಸೊಂಡಿಲನ್ನು ನೋಡಿದಳು. ಕೊನೆಗೆ “ನೀ ಅಂತೂ ಸುಳ್ಳ ಹೇಳೋ ಮನಷಾ ಅಲ್ಲ” ಎಂದು ಒಳಗೆ ಹೋದಳು.

ಇನ್ನು ಚಳಿಯ ಕಥೆ. ಫ್ಯಾನ್ ಹಚ್ಚಿದರೆ ಹೊಗೆಯೇನೋ ಹೊರಗೆ ಹೋಗುತ್ತಿತ್ತು, ಜೊತೆಗೆ ಕೋಣೆಯಲ್ಲಿದ್ದ ಬೆಚ್ಚನೆಯ ಗಾಳಿಯೂ ಹೋಗುತ್ತಿತ್ತು. ಅದರ ಜಾಗಕ್ಕೆ ಬಾಗಿಲ ಸಂದಿಯಿಂದ, ಹಲಗೆಯ ಸಂದಿಯಿಂದ, ಬಚ್ಚಲಮನೆಯ ಜಾಳಿಗೆಯಿಂದ ಥಂಡಿ ಗಾಳಿ ಒಳಗೆ ನುಗ್ಗುತ್ತಿತ್ತು. ಚನ್ನವೀರಪ್ಪ ಸಂದಿಗಳಿಗೆಲ್ಲ ಹಳೆಯ ಟವೆಲ್ ತುರುಕಿದ. ಆಗ ಒಳಗೆ ಗಾಳಿ ಬರಲು ದಾರಿ ಇಲ್ಲದೆ ಫ್ಯಾನ್ ಏದುಸಿರು ಬಿಡಲಾರಂಭಿಸಿತು, ಹೊಗೆ ಅಲ್ಲಿಯೇ ಸುತ್ತಾಡಿತು. ಟವೆಲ್ ತೆಗೆದರೆ ಚಳಿ, ತುರುಕಿದರೆ ಹೊಗೆ. ಕೊನೆಗೆ ಟವೆಲ್ ತೆಗೆದು, ಸ್ವೆಟರಿನ ಮೇಲೆ ಸ್ವೆಟರ್ ಹಾಕಿ, ಮಂಗನ ಟೋಪಿ ತೊಟ್ಟು ಕೂತ.

“ಬೆಚ್ಚಗಿನ ಗಾಳಿ ಹೊರಗ ಒಗದು ಥಂಡಿ ಗಾಳಿ ಒಳಗ ತಗೋತೀರಿ. ಇದಕ್ಕ ಉದ್ಯೋಗ ಅಂತಾರೇನ್ರಿ?” ಎಂದು ನಂದಾ ಎರಡು ಚಾದರ ಹೊದ್ದು ಕೇಳಿದಳು.

ಮೊದಲ ಗಿರಾಕಿ ಬೋರಾಮಣಿಯ ಕಾಮಣ್ಣ. ಕುರಿ ಕಾಯುವ ಮನುಷ್ಯ, ಎಂಐಡಿಸಿಯ ಚಹಾದಂಗಡಿಯಲ್ಲಿ ಪರಿಚಯವಾದವನು. ಚನ್ನವೀರಪ್ಪ ತಡೆಯಲಾರದೆ ಅವನಿಗೊಂದು ಕಾರ್ಡ್ ಕೊಟ್ಟಿದ್ದ. ಕಾಮಣ್ಣ ಇಪ್ಪತ್ತು ಕಂಬಳಿ ಹೊತ್ತು ತಂದ.

“ನಮ್ಮ ದೇವರು ಬೀರೋಬಾನ ಕಾರ್ಯಕ್ಕ ಮಂದಿ ಕೂಡ್ತದರಿ. ರಾತ್ರಿ ಮಲಗಿದಾಗ ಎಲ್ಲಾ ಕಂಬಳಿ ಒಂದs ಬಣ್ಣ, ಮುಂಜಾನಿ ಯಾರ ಕಂಬಳಿ ಯಾರ ಹೆಗಲ ಮ್ಯಾಲೋ ಏನೋ. ಹೋದ ವರ್ಷ ಒಂದ ಕಂಬಳಿ ಸಲುವಾಗಿ ನಮ್ಮ ಸಡ್ಡಕನ ಕೂಡ ಮಾತ ಬಿಟ್ಟೀನಿ. ಮೂಲ್ಯಾಗ ಒಂದೊಂದ ಹೆಸರ ಸುಟ್ಟ ಕೊಡ್ರಿ, ತಂಟೆನs ಬ್ಯಾಡ.”

ಮರುದಿನ ಬೆಳಗಿನ ಐದಕ್ಕೆ ಯಂತ್ರ ಶುರುವಾಯಿತು. ಕಾರ್ಖಾನೆಗೆ ಹೋಗುವ ಮೊದಲು ನಾಲ್ಕು ಕಂಬಳಿ ಮುಗಿಸುವ ಲೆಕ್ಕಾಚಾರ. ಕಂಬಳಿಯೆಂದರೆ ಕುರಿಯ ಉಣ್ಣೆ. ಅದರ ಮೇಲೆ ಬೆಳಕು ಬಿದ್ದದ್ದೇ ತಡ, ಚುರುಚುರು ಎಂದು ಒಂದು ವಿಚಿತ್ರ ನಾತ ಎದ್ದಿತು. ಚನ್ನವೀರಪ್ಪ ಮೂಗು ಮುಚ್ಚಿಕೊಂಡ, ಅಷ್ಟೇ. ನಂದಾ ಮಾತ್ರ ಬಾಗಿಲಲ್ಲಿ ಬಂದು ನಿಂತು ಒಂದು ಸಲ ಮೂಸಿದವಳೇ ಮುಖ ಬಿಳುಚಿಕೊಂಡಳು.

“ಅಯ್ಯ ಶಿವನ, ಬಂದ ಮಾಡ್ರಿ ಅದನ್ನ! ಮಂದಿ ಏನಂತ ತಿಳ್ಕೋತಾರ?”

“ಏನ ತಿಳ್ಕೋತಾರ? ಕಂಬಳಿ ಸುಟ್ರ ಕಂಬಳಿ ವಾಸನಿ ಬರ್ತದ.”

“ನಿಮಗ ತಿಳಿಯಂಗಿಲ್ಲ ಬಿಡ್ರಿ.”

ಚನ್ನವೀರಪ್ಪನಿಗೆ ನಿಜಕ್ಕೂ ತಿಳಿಯಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಹೊಗೆ ಮೇಲೆ ಏರುವುದಿಲ್ಲ ಎನ್ನುವುದೂ ಅವನಿಗೆ ತಿಳಿದಿರಲಿಲ್ಲ. ಪೈಪಿನಿಂದ ಇಳಿದ ಹೊಗೆ ಗೋಡೆ ಹಿಡಿದು ಸಾವಕಾಶವಾಗಿ ಕೆಳಗೆ ಜಾರಿ, ಸುಗಲಾಬಾಯಿಯ ದೇವರ ಕೋಣೆಯ ಮುಂದೆ ಸುಳಿದು, ಪಕ್ಕದ ಮನೆಯ ಬಸಣ್ಣನ ಅಂಗಳದಲ್ಲಿ ಕೂತಿತು.

ಬಸಣ್ಣ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರನಾಗಿ ನಿವೃತ್ತನಾದವನು. ದಿನಾ ವಿಭೂತಿ ಹಚ್ಚಿ ಗಲ್ಲಿಯ ಭಜನೆಯಲ್ಲಿ ತಾಳ ಹಾಕುವವನು. ನಾಲ್ಕನೆಯ ದಿನ ಬೆಳಿಗ್ಗೆ ಅವನು ಶಾಲಿನೊಳಗೆ ಏನನ್ನೋ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದ. ಹಿಂದೆ ಮುಂದೆ ನೋಡಿ, ಮುಚ್ಚಳವಿದ್ದ ಸ್ಟೀಲ್ ಡಬ್ಬಿಯೊಂದನ್ನು ಹೊರತೆಗೆದ.

“ಚನ್ನವೀರಪ್ಪ, ಮಣಕಾಲ ಭಾಳ ಹಿಡದಾವ. ಥಂಡಿಗಿ ಕಾಲಿನ ಸೂಪ ಕುಡೀಬೇಕಂತ ಡಾಕ್ಟರ ಹೇಳ್ಯಾರ. ಒಂದ ಈಟ ಹಾಕಿಕೊಡು. ನನ್ನ ಬಾಯಿಂದ ಒಂದ ಮಾತ ಹೊರಗ ಹೋಗಂಗಿಲ್ಲ.”

“ಯಾರ ಕಾಲಿನ ಸೂಪರಿ?” ಎಂದ ಚನ್ನವೀರಪ್ಪ, ಗಾಬರಿಯಾಗಿ.

ಬಸಣ್ಣ ಕಣ್ಣು ಮಿಟುಕಿಸಿದ. “ಭಾರಿ ಇದ್ದೀ ಬಿಡು. ಹಂಗs ಇರಬೇಕು.”

ಕಣ್ಣು ಮಿಟುಕಿಸಿದ್ದರ ಅರ್ಥ ಚನ್ನವೀರಪ್ಪನಿಗೆ ಹತ್ತಲಿಲ್ಲ. ಪಾಪ, ಹಿರಿಯ ಮನುಷ್ಯ, ಮಂಡಿನೋವು ಎಂದು ಮರುಗಿ, ಒಲೆಯ ಮೇಲೆ ಕುದಿಯುತ್ತಿದ್ದ ಹುರುಳಿಕಟ್ಟನ್ನು ಡಬ್ಬಿ ತುಂಬ ಹಾಕಿಕೊಟ್ಟ. ಬಸಣ್ಣ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಭಕ್ತಿಯಿಂದ ಒಂದು ಗುಟುಕು ಕುಡಿದ. ಹುರುಳಿ! ಮೂರು ದಿನ ವಾಸನೆ ಕುಡಿಸಿ ನಾಲ್ಕನೆಯ ದಿನಕ್ಕೆ ಹುರುಳಿ ಕುಡಿಸುತ್ತಾನೆಂದರೆ! ತಾವು ಉಂಡು ನೆರೆಯವನಿಗೆ ಕುದುರೆಯ ಮೇವು ಕೊಡುವುದೆಂದರೆ ಅವಮಾನಕ್ಕೂ ಒಂದು ಮಿತಿ ಬೇಕು. ಬಸಣ್ಣ ಹೊಸದಾಗಿ ವಿಭೂತಿ ಹಚ್ಚಿಕೊಂಡು ನೇರವಾಗಿ ಸುಗಲಾಬಾಯಿಯ ಬಾಗಿಲಿಗೆ ಹೋದ.

“ಅಕ್ಕಾ, ಹೇಳಬಾರದು ಅಂತ ಸುಮ್ಮ ಇದ್ದೆ. ನಿಮ್ಮ ಮ್ಯಾಲಿನ ಭಾಡೇಕರಿ ಮನ್ಯಾಗ ದಿನಾ ಕಾಲ ಸುಡಾಕತ್ತಾರ. ಧರ್ಮ ಉಳೀಬೇಕಲ್ಲ ಅಂತ ಹೇಳೀನಿ.”

“ನನಗೂ ವಾಸನಿ ಬರಾಕತ್ತಿತ್ತೋ ಬಸಣ್ಣಾ” ಎಂದಳು ಸುಗಲಾಬಾಯಿ. “ನನ್ನ ಮೂಗs ಕೆಟ್ಟದ ಅಂತ ತಿಳ್ಕೊಂಡಿದ್ದೆ.”

ಸುಗಲಾಬಾಯಿ ಮೆಟ್ಟಿಲು ಹತ್ತಿ ಬಂದಾಗ ಚನ್ನವೀರಪ್ಪ ಮಲಗುವ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಟೋಪಿಯೊಳಗೆ ಇಟ್ಟುಕೊಂಡು ನಿಂತಿದ್ದ.

“ಚನ್ನವೀರಾ, ನಿನ್ನ ಅಡಗಿಮನಿ ಚಿಮಣ್ಯಾಗ ಏನ ಬೇಯ್ತದ? ಕುರಿ ಕಾಲು?”

ಆಗ ಅವನಿಗೆ ಮೊದಲ ಬಾರಿ ಅರ್ಥವಾಯಿತು. ಅರ್ಥವಾದ ಮೇಲೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಮಾಂಸವಲ್ಲ, ಕಂಬಳಿ ಎಂದರೆ ಎರಡನೆಯ ಕಲಮು ಮುರಿದಂತೆ. ಕಂಬಳಿಯ ಮಾತು ಎತ್ತದಿದ್ದರೆ ಮೊದಲನೆಯದು ಮುರಿದಂತೆ. ಎರಡೂ ದಾರಿ ಎಂಟು ದಿನದಲ್ಲಿ ಬೀದಿಗೇ ಹೋಗಿ ಮುಟ್ಟುತ್ತವೆ. ಮಗಳ ಪರೀಕ್ಷೆಗೆ ಎರಡು ತಿಂಗಳಿದೆ. ಸಸ್ಯಾಹಾರಿಗಳಿಗಷ್ಟೇ ಕೊಡುವ ಈ ಮನೆ ಹುಡುಕಲು ಅವನಿಗೆ ಏಳು ತಿಂಗಳು ಹಿಡಿದಿತ್ತು. ಮೂರನೆಯ ದಾರಿ ಹುಡುಕುವ ಅವಸರದಲ್ಲಿ ಬಾಯಿ ಮತ್ತೆ ತಾನಾಗಿಯೇ ತೆರೆಯಿತು.

“ಅದು... ನನ್ನ ತಲಿಗೂದಲಾ ಸುಟ್ಟಾವ ಕಾಕು. ಗ್ಯಾಸ ಹಚ್ಚುವಾಗ.”

“ಟೋಪಿ ತಗಿ.”

ಚನ್ನವೀರಪ್ಪ ಟೋಪಿ ತೆಗೆದ. ಬೀಗದ ಕೈ ಠಣ್ಣೆಂದು ನೆಲಕ್ಕೆ ಬಿತ್ತು. ತಲೆಯ ಮೇಲೆ ಸುಡಬಹುದಾದ ಕೂದಲು ಹತ್ತು ವರ್ಷದಿಂದ ಇರಲಿಲ್ಲ. ಸುಗಲಾಬಾಯಿ ಆ ನುಣ್ಣನೆಯ ತಲೆಯನ್ನೂ ನೆಲದ ಮೇಲಿನ ಬೀಗದ ಕೈಯನ್ನೂ ನೋಡಿ, ಕೆಳಗಿಳಿದು, ಅಕ್ಕಲಕೋಟಕ್ಕೆ ಫೋನ್ ಹಚ್ಚಿದಳು.

ಅಣ್ಣಾರಾಯರು ಭಾನುವಾರ ಬರುವುದೆಂದು ಠರಾವಾಯಿತು. ಅಷ್ಟರ ತನಕ ಸುಮ್ಮನಿರಲು ಚನ್ನವೀರಪ್ಪನ ಜೀವ ಕೇಳಲಿಲ್ಲ. ಹಿರಿಯರ ಕಾಲು ಹಿಡಿದರೆ ಕಲಮು ಸಡಿಲವಾದೀತು ಎಂದು ಶುಕ್ರವಾರ ರಜೆ ಹಾಕಿ ಅಕ್ಕಲಕೋಟದ ಬಸ್ಸು ಹತ್ತಿದ. ಬಸ್ಸಿನ ಕಿಟಕಿಯ ಗಾಜು ಸರಿಯುತ್ತಿರಲಿಲ್ಲ, ಗಾಳಿ ಚುಚ್ಚುತ್ತಿತ್ತು. ಆದ್ದರಿಂದ ಎರಡೂ ಸ್ವೆಟರ್ ಹಾಕಿಕೊಂಡಿದ್ದ. ವಾರವಿಡೀ ಯಂತ್ರದ ಮುಂದೆ ಹಾಕಿ ಕೂತಿದ್ದ ಅವೇ ಸ್ವೆಟರುಗಳು.

ಅಣ್ಣಾರಾಯರು ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ಚನ್ನವೀರಪ್ಪ ಬಗ್ಗಿ ಕಾಲು ಮುಟ್ಟಿದ. ಏಳಲು ಹೋದರೆ ಅಣ್ಣಾರಾಯರು ಅವನ ಹೆಗಲು ಹಿಡಿದು ಹಾಗೆಯೇ ನಿಲ್ಲಿಸಿದರು. ಅವರ ಮೂಗು ಅವನ ಕಾಲರಿನಿಂದ ಕಂಕುಳ ತನಕ ಒಂದು ಸಲ ಓಡಾಡಿತು.

“ಆಡ ಅಲ್ಲ” ಎಂದರು ಗಂಭೀರವಾಗಿ. “ಕುರಿ.”

“ಕಾಕಾ, ನಾ ಅಂಥಾ ಮನಷಾ ಅಲ್ರಿ. ನಮ್ಮ ಮನಿತನದಾಗ ಯಾರೂ...”

“ಭಾನುವಾರ ಬರ್ತೀನಿ. ಹೋಗು. ಚಹಾ ಕುಡದ ಹೋಗು.”

ಚಹಾ ಬಂತು. ಕಪ್ಪು-ಬಸಿ ಮನೆಯವರದಲ್ಲ, ಹೊರಗಿನವರಿಗೆಂದೇ ಇಟ್ಟ ಕಾಗದದ ಗ್ಲಾಸು. ಅದನ್ನು ಹಿಡಿದಾಗ ಚನ್ನವೀರಪ್ಪನ ಕಣ್ಣಲ್ಲಿ ನೀರು ಬಂತು. ಜನ್ಮದಲ್ಲಿ ಒಂದು ತತ್ತಿ ಮುಟ್ಟದವನಿಗೆ ಇಂಥ ದಿನ ಬಂತಲ್ಲ ಎಂದು ನಿಜವಾಗಿಯೂ ಅತ್ತ. ಅಳುವನ್ನು ಥಂಡಿಯ ನೆಗಡಿ ಎಂದು ಹೇಳಿ ಎದ್ದು ಬಂದ.

ಭಾನುವಾರ ಎಂಟಕ್ಕೆ ಸಭೆ ಕೂಡಿತು, ಚನ್ನವೀರಪ್ಪನದೇ ಪಡಸಾಲೆಯಲ್ಲಿ. ನಡುವಿನ ಕುರ್ಚಿಯಲ್ಲಿ ಅಣ್ಣಾರಾಯರು, ಮಡಿಲಲ್ಲಿ ಕರಾರುಪತ್ರ. ಒಂದು ಮಗ್ಗುಲಲ್ಲಿ ಸುಗಲಾಬಾಯಿ, ಇನ್ನೊಂದು ಮಗ್ಗುಲಲ್ಲಿ ಸಾಕ್ಷಿದಾರ ಬಸಣ್ಣ. ನಂದಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಚನ್ನವೀರಪ್ಪ ಬೀಗ ಹಾಕಿದ ಕೋಣೆಗೆ ಬೆನ್ನು ಕೊಟ್ಟು ನಿಂತಿದ್ದ. ಮನೆ ಹೋಯಿತೆಂದೇ ಅವನು ತಿಳಿದಿದ್ದ. ಯಾವ ಕಲಮಿನಿಂದ ಹೋಗುತ್ತದೆ ಎನ್ನುವುದಷ್ಟೇ ಗೊತ್ತಿರಲಿಲ್ಲ.

“ಬಸಣ್ಣಾ, ನೀ ಏನ ಮೂಸಿದಿ, ಖರೇ ಹೇಳು” ಎಂದರು ಅಣ್ಣಾರಾಯರು.

“ಕಾಲರಿ. ಆಡಿನ ಕಾಲು. ಮುಂಜಾನಿ ಐದರಿಂದ ಏಳರ ತನಕ.”

“ತಪ್ಪ ಹೇಳ್ತಿ. ಆಡಿಂದಲ್ಲ, ಕುರೀದು. ಕಾಲೂ ಅಲ್ಲ, ತಲಿ. ಕಾಲ ಸುಟ್ರ ಗೊರಸಿನ ನಾತ ಬ್ಯಾರೇನs ಬರ್ತದ.”

ಬಸಣ್ಣನಿಗೆ ಸಾಕ್ಷಿ ಸುಳ್ಳಾದದ್ದು ಸಹಿಸಲಾಗಲಿಲ್ಲ. “ಗೊರಸ ಮೊದಲs ಕಿತ್ತಿರಬೇಕ್ರಿ. ಬಿಸಿ ಇದ್ದಾಗ ನೆಲಕ್ಕ ಬಡದ್ರ ತಾವs ಕಳಚಿ ಬೀಳ್ತಾವ.”

“ಬಿಸಿ ಇದ್ದಾಗ ಅಲ್ಲೋ ಮಾರಾಯಾ, ಅರ್ಧಾ ಸುಟ್ಟ ಮ್ಯಾಲ!”

“ಇಬ್ಬರಿಗೂ ತಿಳೀವಲ್ತು” ಎಂದು ಸುಗಲಾಬಾಯಿ ನಡುವೆ ಬಾಯಿ ಹಾಕಿದಳು. “ಗ್ಯಾಸಿನ ಮ್ಯಾಲ ಸುಟ್ರ ಇಂಥಾ ವಾಸನಿ ಬರಂಗಿಲ್ಲ. ಜ್ವಾಳದ ದಂಟಿನ ಉರಿ ಬೇಕು. ಮ್ಯಾಲ ಅರಿಶಿಣ ಹಚ್ಚಿ ಇನ್ನೊಮ್ಮಿ ಸುಟ್ರ ಅದರ ಘಮನs ಬ್ಯಾರೆ.”

“ಅದು ಖರೆ” ಎಂದು ಅಣ್ಣಾರಾಯರು ತಲೆದೂಗಿದರು. “ದಂಟಿನ ಉರಿ ಬೇಕು.”

“ವಾ!” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಕಾಮಣ್ಣ. ಸೋಮವಾರ ಬರಬೇಕಾದವನು, ನಾಳೆ ಕುರಿ ಹೊಡೆದುಕೊಂಡು ಮುಂದಿನ ಊರಿಗೆ ಹೋಗಬೇಕೆಂದು ಒಂದು ದಿನ ಮೊದಲೇ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತು ಕೇಳಿದ್ದನೋ, ಮುಖದ ತುಂಬ ಅಭಿಮಾನ.

“ನಾ ಹುಟ್ಟಿದಾಗಿಂದ ಕುರ್ಯಾಗ ಇದ್ದೀನ್ರಿ. ನನ್ನ ಹೇಣ್ತಿ ಬೀರವ್ವಗೂ ಇಷ್ಟ ಬಾರೀಕ ತಿಳಿಯಂಗಿಲ್ಲ. ಮೂಗಿಲೆನs ಆಡ, ಕುರಿ, ತಲಿ, ಕಾಲು ಎಲ್ಲಾ ಹೇಳ್ತೀರಲ್ಲ! ಯಾವ ಊರಾಗ ಕಲ್ತೀರಿ ಮಾಲಕರ?”

ಅಣ್ಣಾರಾಯರು ಕನ್ನಡಕ ತೆಗೆದು ಒರೆಸಿದರು. ಸುಗಲಾಬಾಯಿ ತಲೆಯ ಮೇಲಿನ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಬಸಣ್ಣ ಚಳಿಗಾಲದಲ್ಲಿ ತಿರುಗದ ಫ್ಯಾನನ್ನು ಕತ್ತೆತ್ತಿ ನೋಡುತ್ತ ಕೂತ.

ಇದರ ಅರ್ಥ ಚನ್ನವೀರಪ್ಪನಿಗೆ ಆಗಲಿಲ್ಲ. ಇನ್ನು ಬರುವುದು ತೀರ್ಪೇ ಎಂದು ತಿಳಿದ. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಧೈರ್ಯ ಮಾಡಿ, ಬೀಗ ತೆಗೆದು ಬಾಗಿಲು ದೂಡಿದ.

“ತಪ್ಪ ಆಗ್ಯದ ಕಾಕು. ನಾ ಮಾಂಸ ಬೇಯ್ಸಿಲ್ಲ. ಧಂದಾ ಮಾಡೀನಿ. ಬೀರೋಬಾ ದೇವರ ಕಾರ್ಯದ ಕಂಬಳಿ ಮ್ಯಾಲ ಹೆಸರ ಸುಟ್ಟೀನಿ. ಅದು ಚಿಮಣಿ ಅಲ್ಲ.”

ಹೇಳಿದ್ದಕ್ಕೆ ಪುರಾವೆ ಬೇಕಲ್ಲ. ಇಪ್ಪತ್ತನೆಯ ಕಂಬಳಿಯನ್ನು ಯಂತ್ರದೊಳಗೆ ಹಾಸಿ, ಯಂತ್ರವನ್ನೂ ಫ್ಯಾನನ್ನೂ ಹಚ್ಚಿದ. ಬಚ್ಚಲಮನೆಯ ಜಾಳಿಗೆಯಿಂದ ಥಂಡಿ ಗಾಳಿ ನುಗ್ಗಿ ಎಲ್ಲರೂ ಶಾಲು ಎಳೆದುಕೊಂಡರು. ಚುರುಚುರು ಎಂದಿತು. ಮೂರು ಮೂಗುಗಳು ಒಟ್ಟಿಗೆ ಮೇಲೆದ್ದವು.

“ನಾ ಮೊದಲs ಅಂದಿದ್ದೆ, ಕುರೀದು ಅಂತ” ಎಂದುಬಿಟ್ಟರು ಅಣ್ಣಾರಾಯರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

ಚನ್ನವೀರಪ್ಪ ಕೈಮುಗಿದ. “ಎರಡನೇ ಕಲಮ ಮುರದೀನಿ. ಖಾಲಿ ಮಾಡಂದ್ರ ಮಾಡ್ತೀನಿ. ಪ್ರಣಿತಾನ ಪರೀಕ್ಷಾ ಮುಗಿಯೋತನ ಇರಾಕ ಬಿಡ್ರಿ, ಇಷ್ಟs ಕೇಳ್ತೀನಿ.”

ಅಣ್ಣಾರಾಯರು ಕರಾರುಪತ್ರ ಬಿಚ್ಚಿದರು. ಬಾಯಿ ತೆರೆಯುವಷ್ಟರಲ್ಲಿ, ಉತ್ತರಕ್ಕೆ ಇನ್ನೂ ಕಾಯುತ್ತಿದ್ದ ಕಾಮಣ್ಣ ಮುಂದೆ ಬಂದ.

“ಅಲ್ಲ ಅಕ್ಕಾರ, ಅರಿಶಿಣ ಹಚ್ಚಿ ಇನ್ನೊಮ್ಮಿ ಸುಡೋದು ಅಂದ್ರಿ. ಅದು ನಮಗ ಗೊತ್ತಿದ್ದಿದ್ದಿಲ್ಲ ನೋಡ್ರಿ. ತೊಳದ ಮ್ಯಾಲ ಹಚ್ಚೂದೋ, ತೊಳ್ಯೂಕಿಂತ ಮೊದಲೋ?”

“ಯಾವ ಧಂದಾ?” ಎಂದು ಸುಗಲಾಬಾಯಿ ಗಕ್ಕನೆ ಎದ್ದು ನಿಂತಳು. “ದೇವರ ಕಾರ್ಯದ ಕಂಬಳಿ ಮ್ಯಾಲ ಹೆಸರ ಹಾಕೋದು ಧಂದಾ ಆಗ್ತದೇನೋ ಚನ್ನವೀರಾ? ಅದು ಸೇವಾ! ಅಣ್ಣಾ, ನೀ ಹೇಳು.”

“ಸೇವಾನs” ಎಂದರು ಅಣ್ಣಾರಾಯರು, ಕರಾರುಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕುತ್ತ. “ಮತ್ತ ಅದು ಅಡಗಿಮನಿ ಚಿಮಣಿ. ಕರಾರಿನಾಗ ಚಿಮಣಿ ಬ್ಯಾಡ ಅಂತ ಬರದಿಲ್ಲ. ನನಗ ಒಂಬತ್ತರ ಬಸ್ ಅದ.”

“ಅಲ್ರಿ ಕಾಕಾ, ಚಿಮಣಿ ಅಲ್ಲ ಅದು, ಖರೇನs ಧಂದಾ, ನನ್ನ ಕಡಿ ಕಾರ್ಡ ಸುದ್ದಾ ಅದ...” ಎಂದು ಚನ್ನವೀರಪ್ಪ ಕಿಸೆಗೆ ಕೈ ಹಾಕಿದ. ನಂದಾ ಹಿಂದಿನಿಂದ ಅವನ ಸ್ವೆಟರ್ ಹಿಡಿದು ಜಗ್ಗಿದಳು.

ಕಾರ್ಡ್ ನೋಡಲು ಯಾರೂ ನಿಲ್ಲಲಿಲ್ಲ. ಮಂಡಿನೋವಿನ ಬಸಣ್ಣ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದ. ಕಾಮಣ್ಣ ಇಪ್ಪತ್ತೂ ಕಂಬಳಿ ಹೆಗಲಿಗೇರಿಸಿಕೊಂಡು, “ಅಕ್ಕಾರ, ತೊಳದ ಮ್ಯಾಲೋ, ಮೊದಲೋ?” ಎಂದು ಕೇಳುತ್ತ ಸುಗಲಾಬಾಯಿಯ ಬೆನ್ನು ಹತ್ತಿದ. ಕೆಳಗಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಚನ್ನವೀರಪ್ಪ ಪಡಸಾಲೆಯಲ್ಲಿ ಖಾಲಿ ಕುರ್ಚಿಗಳ ನಡುವೆ ನಿಂತಿದ್ದ. ಮನೆ ಉಳಿದಿತ್ತು, ಪರೀಕ್ಷೆ ಉಳಿದಿತ್ತು, ಧಂದೆಯೂ ಉಳಿದಿತ್ತು. ಸಂತೋಷ ಪಡಬೇಕಿತ್ತು, ಆದರೆ ಹೇಗೆ ಗೆದ್ದೆ ಎನ್ನುವುದೇ ಅವನಿಗೆ ತಿಳಿಯಲಿಲ್ಲ.

“ನಂದಾ, ನಾ ತಪ್ಪ ಒಪ್ಕೊಂಡೆ. ಮತ್ತ ಅವರ್ಯಾಕ ಹಂಗ ಓಡಿಹೋದ್ರು?”

ನಂದಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. “ಅಯ್ಯ ನಿಮ್ಮ! ಈ ಇಡೀ ಗಲ್ಲ್ಯಾಗ ಆ ವಾಸನಿ ಯಾತರದು ಅಂತ ಗೊತ್ತಿಲ್ಲದಾಂವ ನೀವೊಬ್ಬರs ನೋಡ್ರಿ. ಕಳುವಿನ ಮಾಲ ಗುರುತ ಹಿಡೀಬೇಕಂದ್ರ ಮೊದಲ ಅದನ್ನ ಕಂಡಿರಬೇಕಲ್ಲ.”

ಚನ್ನವೀರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಬಸಣ್ಣನ ಡಬ್ಬಿ, ಅಣ್ಣಾರಾಯರ ಮೂಗು, ಸುಗಲಾಬಾಯಿಯ ಅರಿಶಿಣ, ಒಂದೊಂದಾಗಿ ಎಲ್ಲದರ ಅರ್ಥವೂ ಆಗತೊಡಗಿತು. ಮುಖ ಅರಳಿತು. ನಗಲು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿದ. ಮೊದಲ ದಿನ ಬೆಳಿಗ್ಗೆ, ಯಾರೂ ಏನೂ ಹೇಳುವ ಮೊದಲು, ಬಾಗಿಲಲ್ಲಿ ನಿಂತು ಒಂದು ಸಲ ಮೂಸಿ ಬಿಳುಚಿಕೊಂಡವಳು ಯಾರು?

“ನಂದಾ,” ಎಂದ ಮೆಲ್ಲಗೆ, “ನಿನಗ ಹ್ಯಾಂಗ ಗೊತ್ತಾತು?”

ನಂದಾಳ ನಗು ನಿಂತಿತು.

“ಚಹಾ ಉಕ್ಕಾಕತ್ತದರಿ” ಎಂದು ಅವಳು ಗಡಬಡಿಸಿ ಅಡಿಗೆಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಗ್ಯಾಸ್ ಹೊತ್ತಿಸಿದ ಸಪ್ಪಳ ಕೇಳಿಸಿತು.